ಮಾವನ ಟ್ರಂಕು: ಬಳ್ಳಾರಿಯಲ್ಲಿ ಒಂದು ಪ್ರದರ್ಶನ ಹಾಕಿದ ಅನುಭವ

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆದಿದ್ದು ಹುಳಿ ವಾಸನೆ. ಹಳೆ ಅಸಿಟೇಟ್ ಫಿಲ್ಮ್ ಕೆಡೋಕೆ ಶುರುವಾದರೆ ಹೀಗೇ ವಿನಿಗರ್ ಥರ ನಾರುತ್ತದೆ. ಆ ಆವಿ ಪಕ್ಕದಲ್ಲಿರುವ ಒಳ್ಳೆ ಫಿಲ್ಮನ್ನೂ ಕೆಡಿಸುತ್ತದೆ. ವರ್ಷಗಟ್ಟಲೆ ತಗಡಿನ ಶೀಟಿನ ಕೆಳಗೆ, ನಮ್ಮ ಕಡೆಯ ಬಿಸಿಲಲ್ಲಿ ಬಿದ್ದಿದ್ದ ನೆಗೆಟಿವ್‌ಗಳು ಅವು. ವಾಸನೆ ಬಂದವನ್ನೆಲ್ಲ ಅವತ್ತೇ ಬೇರೆ ಮಾಡಿ ಪೇಪರ್ ಕವರಿಗೆ ಹಾಕಿದೆ. ಪ್ಲಾಸ್ಟಿಕ್ ಕವರಿಗೆ ಹಾಕಬಾರದು, ಆವಿ ಒಳಗೇ ಉಳಿದುಬಿಡುತ್ತದೆ.

ನನ್ನ ಸೋದರಮಾವ ಗಂಗಾವತಿಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಹಗಲು ಪಾಸ್‌ಪೋರ್ಟ್ ಫೋಟೋ, ಮದುವೆ ಫೋಟೋ. ಅಂಗಡಿ ಬಂದ್ ಇದ್ದ ದಿನ ಯಾಶಿಕಾ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರೆ ತೆಗೀತಿದ್ದ ಫೋಟೋಗಳೇ ಬೇರೆ. ಚಿಕ್ಕವನಿದ್ದಾಗ ಅವನ್ನು ನೋಡಿ ನಾನು ಹೆದರಿದ್ದೆ. ಕೆಲವನ್ನು ನೋಡಿದರೆ ಈಗಲೂ ಹೆದರಿಕೆ ಆಗುತ್ತದೆ. ಅದಕ್ಕೇ ಇವನ್ನು ನಾಲ್ಕು ಜನಕ್ಕೆ ತೋರಿಸಲೇಬೇಕು ಅನ್ನಿಸಿತು.

ಒಂದು ಫೋಟೋ ಹೇಳುತ್ತೇನೆ. ಸ್ಟುಡಿಯೋ ಪರದೆ ಮುಂದೆ ಕುರ್ಚಿ, ಕುರ್ಚಿ ಮೇಲೆ ಆರು ತಿಂಗಳ ಕೂಸು. ಕೂಸು ಬೀಳಬಾರದು ಅಂತ ತಾಯಿ ತಲೆ ಮೇಲಿಂದ ಕಾಲಿನವರೆಗೆ ಚಾದರ ಹೊದ್ದು ಹಿಂದೆ ಕೂತಿದ್ದಾಳೆ. ಚಾದರದೊಳಗಿಂದ ಎರಡು ಕೈ ಮಾತ್ರ ಹೊರಗೆ ಬಂದು ಕೂಸಿನ ಸೊಂಟ ಹಿಡಿದಿವೆ. ಕೈಯಲ್ಲಿ ಬಳೆ. ಗಿರಾಕಿಗೆ ಕೊಟ್ಟ ಪ್ರಿಂಟಿನಲ್ಲಿ ಕೂಸಿನ ಮುಖ, ಎದೆ ಅಷ್ಟೇ ಇರುತ್ತಿತ್ತು, ಉಳಿದದ್ದು ಕಟ್. ಎಲ್ಲ ಸ್ಟುಡಿಯೋದವರೂ ಹೀಗೇ ಮಾಡುತ್ತಿದ್ದರು. ಮಾವ ಮಾತ್ರ ಪೂರ್ತಿ ಫ್ರೇಮನ್ನು ತಮಗೆ ಇಟ್ಟುಕೊಂಡರು. ಕೂಸು ನಗುತ್ತಿದೆ. ಹಿಂದೆ ಮುಖ ಇಲ್ಲದ ಒಂದು ಆಕಾರ.

ಪ್ರಿಂಟ್ ಹಾಕಲು ಡಿಸೆಂಬರ್ ತನಕ ಕಾದೆ. ಬೇಸಿಗೆಯಲ್ಲಿ ಬಳ್ಳಾರಿ ನಲ್ಲಿ ನೀರೇ ಸ್ನಾನಕ್ಕಾಗುವಷ್ಟು ಬಿಸಿ. ಪೇಪರಿನ ಮೇಲೆ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 20 ಡಿಗ್ರಿ ಆಸುಪಾಸು ಇರಬೇಕು. ಜಾಸ್ತಿ ಆದರೆ ಚಿತ್ರ ಗಬಕ್ಕನೆ ಕಪ್ಪಾಗುತ್ತದೆ, ಪೇಪರಿನ ಮೇಲಿನ ಜೆಲಾಟಿನ್ ಮೆತ್ತಗಾಗಿ ಇಕ್ಕಳ ತಾಗಿದರೂ ಗೀರು ಬೀಳುತ್ತದೆ. ಚಳಿಗಾಲದಲ್ಲೂ ದೊಡ್ಡ ಟ್ರೇನಲ್ಲಿ ಐಸ್ ಹಾಕಿ ಅದರೊಳಗೆ ಡೆವಲಪರ್ ಟ್ರೇ ಇಟ್ಟೆ.

ಸೈಜು 7 ಇಂಚು ಚೌಕ, ಅಷ್ಟೇ. ಗೆಳೆಯರು ಆಳೆತ್ತರ ಮಾಡು ಅಂದರು. ದೊಡ್ಡದು ಮಾಡಿದರೆ ಜನ ದೂರ ನಿಂತು ಬ್ಯಾನರ್ ನೋಡಿದ ಹಾಗೆ ನೋಡಿ ಹೋಗುತ್ತಾರೆ, ಚಿಕ್ಕದಾದರೆ ಮೂಗು ತಾಗುವಷ್ಟು ಹತ್ತಿರ ಬರಲೇಬೇಕು. ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದ ರಾಲ್ಫ್ ಯೂಜೀನ್ ಮೀಟ್‌ಯಾರ್ಡ್ (1925–1972) ಕೂಡ ಹೆಚ್ಚುಕಮ್ಮಿ ಇಷ್ಟೇ ಅಳತೆಯಲ್ಲಿ ಪ್ರಿಂಟ್ ಹಾಕುತ್ತಿದ್ದರು. ಬಿಡುವಿದ್ದಾಗ ಮಕ್ಕಳಿಗೆ ಮುಖವಾಡ ಹಾಕಿಸಿ ಪಾಳುಮನೆಗಳಲ್ಲಿ ಫೋಟೋ ತೆಗೆದವರು ಅವರು. ಮಾವನಿಗೆ ಅವರ ಹೆಸರೂ ಗೊತ್ತಿರಲಿಲ್ಲ.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಯಾವುದರ ಪಕ್ಕ ಯಾವುದು ಅನ್ನೋದಕ್ಕೆ. ಇಡೀ ಜೀವಮಾನದ ಕೆಲಸ ಅಂದರೆ ಇಸವಿ ಪ್ರಕಾರ ಹಾಕೋದು ರೂಢಿ ಅಲ್ವಾ, ನಾನೂ ಮೊದಲು ನೆಲದ ಮೇಲೆ ಹಾಗೇ ಜೋಡಿಸಿದೆ. ನಾಲ್ಕು ದಿನ ನೋಡಿದ ಮೇಲೆ ನನಗೇ ಸಂಕಟವಾಯಿತು. ಮೊದಲು ಮನುಷ್ಯರು, ಆಮೇಲೆ ಬೆನ್ನು ತಿರುಗಿಸಿದ ಮನುಷ್ಯರು, ಕೊನೆಗೆ ಖಾಲಿ ಕೋಣೆಗಳು. ಯಾರು ನೋಡಿದರೂ ‘ಪಾಪ, ಕೊನೆಕೊನೆಗೆ ತಲೆ ಕೆಟ್ಟಿತ್ತೇನೋ’ ಅನ್ನುತ್ತಿದ್ದರು. ಹಾಗಿರಲಿಲ್ಲ. ಕೊನೆ ದಿನದವರೆಗೂ ರೊಟ್ಟಿ ಪುಂಡಿಪಲ್ಯ ಉಂಡು, ಸಂಜೆ ಗೆಳೆಯರ ಜೊತೆ ಕಟ್ಟೆ ಮೇಲೆ ಕೂತು ನಗುತ್ತಿದ್ದ ಮನುಷ್ಯ. ಅಮೆರಿಕದ ಫೋಟೋಗ್ರಾಫರ್ ಡಯೇನ್ ಆರ್ಬಸ್ 1971ರಲ್ಲಿ ತಾವೇ ಜೀವ ಕಳೆದುಕೊಂಡರು. ಮರುವರ್ಷವೇ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಅವರ ದೊಡ್ಡ ಪ್ರದರ್ಶನ ಆಯಿತು. ಅಲ್ಲಿಂದ ಇಲ್ಲಿವರೆಗೂ ಎಷ್ಟೋ ಜನ ಆ ಫೋಟೋಗಳಲ್ಲಿ ಆ ಸಾವನ್ನೇ ಹುಡುಕುತ್ತಾರೆ. ಮಾವನ ಫೋಟೋಗಳನ್ನು ರೋಗದ ರಿಪೋರ್ಟ್ ಥರ ಓದಿಸೋದು ನನಗೆ ಬೇಡವಾಗಿತ್ತು. ಇಸವಿ ಕಲಸಿಬಿಟ್ಟೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಮೊರ್ಯರ ಗುಡ್ಡದಲ್ಲಿ ಸತ್ತವರಿಗೆಂದು ಕಟ್ಟಿದ, ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮನೆಗಳಿವೆಯಲ್ಲ, ಅದರ ಗುಂಡನೆಯ ಕಿಂಡಿಯ ಫೋಟೋ ಪಕ್ಕ ಆ ಕೂಸಿನ ಫೋಟೋ ಬಂತು. ಕಿಂಡಿಯೊಳಗಿನ ಕಪ್ಪು, ಚಾದರದ ಕಪ್ಪು. ಬಾಯಿಬಿಟ್ಟು ಹೇಳುವ ಅಗತ್ಯ ಬೀಳಲಿಲ್ಲ.

ಜಾಗ ಸಿಕ್ಕಿದ್ದು ಕೌಲ್ ಬಜಾರಿನಲ್ಲಿ, ಮುಚ್ಚಿದ್ದ ಒಂದು ಜೀನ್ಸ್ ಹೊಲಿಯುವ ಶೆಡ್. ದೂಳು ಜಾಸ್ತಿ, ಗಾಜು ಹಾಕದೆ ವಿಧಿಯಿಲ್ಲ. ಆದರೆ ಕಪ್ಪು ಚಿತ್ರದ ಮುಂದಿನ ಗಾಜು ಕನ್ನಡಿಯೇ ಆಗಿಬಿಡುತ್ತದೆ. ಚಿತ್ರ ಬಿಟ್ಟು ಎದುರು ಗೋಡೆ, ಕಿಟಕಿ, ನಿಮ್ಮ ಅಂಗಿ ಎಲ್ಲ ಕಾಣುತ್ತದೆ. ದೀಪ ಎಷ್ಟು ತಿರುಗಿಸಿದರೂ ಹೋಗಲಿಲ್ಲ. ಆಮೇಲೆ ಹೊಳೆಯಿತು, ಎದುರಿಗೆ ಬೆಳಕಿರೋದು ಇದ್ದರೆ ತಾನೇ ಗಾಜಲ್ಲಿ ಕಾಣೋದು. ಶೆಡ್ಡಿನಲ್ಲೇ ಉಳಿದಿದ್ದ ಕಪ್ಪು ಡೆನಿಮ್ ಥಾನುಗಳನ್ನು ಎದುರು ಗೋಡೆಗೆ ಇಳಿಬಿಟ್ಟೆ. ಅರ್ಧಕ್ಕರ್ಧ ಸರಿಹೋಯಿತು. ಎತ್ತರವನ್ನೂ ಫ್ರೇಮಿನ ನಡುಮಧ್ಯಕ್ಕೆ ಅಳೆಯಲಿಲ್ಲ. ಚಿತ್ರದಲ್ಲಿರುವವರ ಕಣ್ಣು ನೋಡುವವರ ಕಣ್ಣಿಗೆ ಸಮ ಬರುವ ಹಾಗೆ ಮೊಳೆ ಹೊಡೆದೆ. ಹೆಸರು, ವಿವರಣೆ ಹಾಕಲಿಲ್ಲ. ಊರು, ಇಸವಿ, ಅಷ್ಟೇ.

ಮುಖ ಗುರುತು ಸಿಗುವ ಫೋಟೋಗಳಿಗೆ ಅವರವರ ಮನೆಗೆ ಹೋಗಿ ಕೇಳಿದೆ. ಮೂರು ಮನೆಯವರು ಬೇಡ ಅಂದರು, ತೆಗೆದೆ. ಸಿರುಗುಪ್ಪ ಕಡೆಯ ಒಬ್ಬ ಹಗಲುವೇಷದವರ ಫೋಟೋ ಇತ್ತು. ರಾಮನ ವೇಷ, ಮಧ್ಯಾಹ್ನದ ಬಿಡುವು, ಮುಖದ ನೀಲಿ ಬಣ್ಣ ಅರ್ಧ ಒರೆಸಿದ್ದಾರೆ, ಕೈಯಲ್ಲಿ ಚಹಾ ಬಸಿ. ಮಾವ ಕೆಂಪು ಫಿಲ್ಟರ್ ಹಾಕಿ ತೆಗೆದಿದ್ದಾರೆ. ಕೆಂಪು ಫಿಲ್ಟರ್ ನೀಲಿಯನ್ನು ಪೂರಾ ಕಪ್ಪು ಮಾಡುತ್ತದೆ. ಹಾಗಾಗಿ ಅರ್ಧ ಮುಖ ಇದೆ, ಇನ್ನರ್ಧ ಬರೀ ತೂತು. ಅವರ ಮಗ ಫೋನಿನಲ್ಲಿ ಫೋಟೋ ನೋಡಿ ಹ್ಞೂಂ ಅಂದಿದ್ದರು. ನಾನು ಅದನ್ನು ಬಾಗಿಲಿಗೆ ಎದುರಾಗಿ ಹಾಕಿದ್ದೆ, ಒಳಗೆ ಕಾಲಿಟ್ಟವರಿಗೆ ಮೊದಲು ಅದೇ ಕಾಣಲಿ ಅಂತ.

ಎರಡನೇ ದಿನ ಅವರೇ ಬಂದರು. ತುಂಬ ಹೊತ್ತು ನಿಂತರು.

"ನಮ್ಮಪ್ಪ ಬಣ್ಣ ಪೂರ್ತಿ ಇಲ್ದ ಯಾರ ಮುಂದೂ ಬರ್ತಿದ್ದಿಲ್ರಿ" ಅಂದರು.

ತೆಗೆದುಬಿಡಲಾ ಅಂತ ಕೇಳಿದೆ.

"ಬ್ಯಾಡ್ರಿ, ಇರ್ಲಿ. ಆದ್ರ ಬಾಗ್ಲಾಗ ಬ್ಯಾಡ. ಒಳಗ ಹಾಕ್ರಿ."

ಅವರೇ ಫ್ರೇಮ್ ಹಿಡಿದುಕೊಂಡರು. ನಾನು ಮೊಳೆ ಕಿತ್ತು, ಒಳಗಿನ ಮೂಲೆಯಲ್ಲಿ, ಅವರು ತೋರಿಸಿದ ಕಡೆ ಹೊಡೆದೆ.