ಅಂಗೈ ನೋಡಿ ಸಿಡುಬು ಗುರುತಿಸುತ್ತಿದ್ದದ್ದು ಹೇಗೆ?

ನಮ್ಮ ಅಜ್ಜಿಯ ತೋಳಿನಲ್ಲಿ ಎಂಟಾಣೆ ಅಗಲದ ಕಲೆ ಇತ್ತು. ನಡುವೆ ಚೂರು ಗುಳಿ, ಸುತ್ತ ಸುರುಟಿದ ಚರ್ಮ. ಸಿಡುಬು ಬಾರದಿರಲಿ ಅಂತ ದಾಕು ಹಾಕಿದ ಗುರುತು. ಆ ಕಾಯಿಲೆ ಈಗ ಇಲ್ಲ. ಭಾರತದ ಕೊನೆಯ ರೋಗಿ ಸಿಕ್ಕಿದ್ದು 1975ರ ಮೇ ತಿಂಗಳಲ್ಲಿ, ಅಸ್ಸಾಮಿನ ಕರೀಂಗಂಜ್‌ನಲ್ಲಿ. ಆದರೂ ಮಗುವಿನ ಮೈಮೇಲೆ ನಾಲ್ಕು ಗುಳ್ಳೆ ಕಂಡರೆ ಇವತ್ತಿಗೂ ‘ಅಮ್ಮ ಬಂದಿದೆ’ ಅಂತೀವಿ ಅಲ್ವಾ? ಆಗ ಮನೆಮನೆ ಸುತ್ತುತ್ತಿದ್ದ ಆರೋಗ್ಯ ಕಾರ್ಯಕರ್ತರು ಸಿಡುಬು ಯಾವುದು, ಚಿಕನ್‌ಪಾಕ್ಸ್ ಯಾವುದು ಅಂತ ಹೀಗೆ ಪತ್ತೆ ಮಾಡುತ್ತಿದ್ದರು.

ಮೊದಲು ಜ್ವರದ ಲೆಕ್ಕ. ಸಿಡುಬಿನಲ್ಲಿ ಗುಳ್ಳೆ ಏಳುವ 2ರಿಂದ 4 ದಿನ ಮುಂಚೆಯೇ ಜೋರು ಜ್ವರ, ತಲೆನೋವು, ಬೆನ್ನುನೋವು ಬಂದು ಆಳನ್ನು ಮಲಗಿಸಿಬಿಡುತ್ತಿತ್ತು. ಚಿಕನ್‌ಪಾಕ್ಸ್ ಆದ ಮಕ್ಕಳಿಗೆ ಜ್ವರ, ಗುಳ್ಳೆ ಹೆಚ್ಚುಕಡಿಮೆ ಜೊತೆಗೇ.

ಆಮೇಲೆ ಅಂಗಿ ಬಿಚ್ಚಿಸಿ ನೋಡುವುದು. ಸಿಡುಬು ಮುಖ, ಕೈಕಾಲಲ್ಲಿ ಜಾಸ್ತಿ, ಅಂಗೈ ಅಂಗಾಲನ್ನೂ ಬಿಡುತ್ತಿರಲಿಲ್ಲ. ಚಿಕನ್‌ಪಾಕ್ಸ್ ಉಲ್ಟಾ, ಎದೆ-ಬೆನ್ನಲ್ಲೇ ಜಾಸ್ತಿ.

ಕೊನೆಗೆ ಗುಳ್ಳೆ. ಸಿಡುಬಿನದು ಗಟ್ಟಿ, ಚರ್ಮದೊಳಗೆ ಮಣಿ ಹುದುಗಿಸಿದ ಹಾಗೆ, ಎಷ್ಟೋ ಸಲ ನಡುವೆ ಹೊಕ್ಕುಳಿನಂಥ ತಗ್ಗು, ಅಕ್ಕಪಕ್ಕದವೆಲ್ಲ ಒಂದೇ ಹದದಲ್ಲಿ. ಚಿಕನ್‌ಪಾಕ್ಸ್‌ನಲ್ಲಿ ಒಂದೇ ಬೆನ್ನಮೇಲೆ ಕೆಂಪು ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಎಲ್ಲ ಕಲಸಿಕೊಂಡಿರುತ್ತವೆ.

ಸಿಡುಬು ಅಂತ ಖಾತ್ರಿಯಾದರೆ? ವಾಸಿ ಮಾಡುವ ಔಷಧ ಆಗ ಇರಲಿಲ್ಲ. ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ನೀರು, ಗಂಜಿ, ಕಣ್ಣಿನ ಆರೈಕೆ, ನಂಜಾದರೆ ಆಂಟಿಬಯಾಟಿಕ್, ಅಷ್ಟೇ. ಕೊನೆಯ ಹಕ್ಕಳೆ ಉದುರುವ ತನಕ, ಅಂದರೆ 3-4 ವಾರ, ರೋಗಿಯನ್ನು ಬೇರೆ ಇರಿಸಬೇಕಿತ್ತು. ನಿಜವಾದ ಕೆಲಸ ಇದ್ದದ್ದು ಆ ಕೋಣೆಯ ಹೊರಗೆ. ಮನೆಯವರು, ನೆರೆಯವರು, ನೋಡಲು ಬಂದುಹೋದ ನೆಂಟರು, ಯಾರನ್ನೂ ಬಿಡದೆ ಹುಡುಕಿ, ತುದಿ ಕವಲಾದ ಸೂಜಿಯಿಂದ ತೋಳಿಗೆ 15 ಸಲ ಚಕಚಕ ಚುಚ್ಚಿ ಲಸಿಕೆ ಹಾಕುತ್ತಿದ್ದರು. ಸೋಂಕು ತಗುಲಿದ 3-4 ದಿನದೊಳಗೆ ಹಾಕಿದರೂ ರೋಗ ನಿಲ್ಲುತ್ತಿತ್ತು, ಇಲ್ಲವೇ ಹಗುರಾಗುತ್ತಿತ್ತು.

ಈಗ ನಿಮ್ಮ ಮಗುವಿನ ಗುಳ್ಳೆ ಬಹುಪಾಲು ಚಿಕನ್‌ಪಾಕ್ಸ್. ಉಗುರು ಕತ್ತರಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಕೊಡಲೇಬೇಡಿ. ಹಾಸಿಗೆ ಪಕ್ಕ ಬೇವಿನ ಸೊಪ್ಪು ಇಟ್ಟುಕೊಳ್ಳಿ, ಬೇಡ ಅನ್ನಲ್ಲ, ಆದರೆ ಸುಮ್ನೆ ವಾರಗಟ್ಟಲೆ ಸ್ನಾನ ನಿಲ್ಲಿಸಬೇಡಿ. ಗುಳ್ಳೆ ಅಂಗೈ ಅಂಗಾಲಲ್ಲೇ ಎದ್ದರೆ ಕೈ-ಕಾಲು-ಬಾಯಿ ರೋಗ ಇರಬಹುದು, ಅಪರೂಪಕ್ಕೆ ಎಂಪಾಕ್ಸ್ (ಮೊದಲು ಮಂಕಿಪಾಕ್ಸ್ ಅಂತಿದ್ದರು) ಕೂಡ. ಡಾಕ್ಟರಿಗೆ ತೋರಿಸಿ. ಹೊರಡುವ ಮೊದಲು ಒಂದು ಫೋನ್ ಮಾಡಿ, ಅಲ್ಲಿ ಸಾಲಿನಲ್ಲಿ ಗರ್ಭಿಣಿಯರೂ ಕೂತಿರುತ್ತಾರೆ.