ಚರ್ಚ್ ಸ್ಟ್ರೀಟಿನಲ್ಲಿ ಮಾತು ಕಲಿಯುವುದು: ಹೊಸದಾಗಿ ಬಂದವರಿಗೆ

ಊರಿನಿಂದ ಬೆಂಗಳೂರಿಗೆ ಹೊಸದಾಗಿ ಬಂದವರು, ಅದರಲ್ಲಿಯೂ ಇಲ್ಲಿ ಕೆಲವು ತಿಂಗಳಿದ್ದು ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೊರಡಲಿರುವವರು, ನನ್ನನ್ನು ಮೊದಲು ಕೇಳುವುದು ಯಾವ ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರಬೇಕು ಎಂದು. ಕನ್ನಡ ಮಾಧ್ಯಮದಲ್ಲಿ ಓದಿ, 22 ವರ್ಷಗಳ ಹಿಂದೆ ಇದೇ ಪ್ರಶ್ನೆಯನ್ನು ಹೊತ್ತು ತಿಪಟೂರಿನಿಂದ ಬಂದವನು ನಾನು. ತರಗತಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು ಒಂದು ಬೀದಿಯನ್ನು ಆರಿಸಿಕೊಳ್ಳಿ, ವಾರಕ್ಕೆ ಎರಡು ಸಲ ಅಲ್ಲಿಗೇ ಹೋಗಿ, ಅವೇ ಅಂಗಡಿಗಳಲ್ಲಿ ಅವೇ ಸಣ್ಣ ವ್ಯವಹಾರಗಳನ್ನು ಇಂಗ್ಲಿಷಿನಲ್ಲಿ ನಡೆಸಿ ಎನ್ನುತ್ತೇನೆ. ವ್ಯಾಕರಣವನ್ನು ಶಾಲೆಯಲ್ಲಿ ಸಾಕಷ್ಟು ಓದಿದ್ದೇವೆ. ನಮಗೆ ಇಲ್ಲದಿರುವುದು ನಾಲಿಗೆಯ ರೂಢಿ, ಮತ್ತು ರೂಢಿ ಬರುವುದು ಮಾಡಿದ್ದನ್ನೇ ಮತ್ತೆ ಮಾಡುವುದರಿಂದ.

ನಾನು ಆರಿಸಿಕೊಂಡದ್ದು ಚರ್ಚ್ ಸ್ಟ್ರೀಟ್. ಮಹಾತ್ಮ ಗಾಂಧಿ ರಸ್ತೆಗೆ ಸಮಾನಾಂತರವಾಗಿ, ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಸಾಗುವ ಈ ಬೀದಿ ಒಂದು ಕಿಲೋಮೀಟರಿಗಿಂತಲೂ ಚಿಕ್ಕದು. 2018ರಲ್ಲಿ ಕಲ್ಲು ಹಾಸಿ ನವೀಕರಿಸಿದ ಮೇಲೆ ನಡೆಯುವುದಕ್ಕೂ ಅನುಕೂಲವಾಗಿದೆ. ಹಳೆಯ ಬೆಂಗಳೂರಿಗರು ದಂಡು ಎಂದು ಕರೆಯುತ್ತಿದ್ದ ಭಾಗ ಇದು. 1809ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯದ ನೆಲೆ ಮಾಡಿದಾಗಿನಿಂದ ಪೇಟೆಯದೇ ಒಂದು ಆಡಳಿತ, ದಂಡಿನದೇ ಇನ್ನೊಂದು ಎಂಬಂತಿದ್ದು, 1949ರಲ್ಲಿ ಎರಡೂ ಒಂದೇ ನಗರಪಾಲಿಕೆಗೆ ಸೇರಿದವು. ಅಂಗಡಿಯ ಗಲ್ಲಾದ ಬಳಿ ಇಂಗ್ಲಿಷಿನಲ್ಲಿ ಮಾತು ಆರಂಭಿಸುವ ರೂಢಿ ಮಾತ್ರ ಇಲ್ಲಿ ಉಳಿದುಕೊಂಡಿತು. ಇಂದು ಅಲ್ಲಿ ಕೆಲಸ ಮಾಡುವವರಲ್ಲಿ ಎಷ್ಟೋ ಮಂದಿ ಕೇರಳದಿಂದಲೋ ಈಶಾನ್ಯ ರಾಜ್ಯಗಳಿಂದಲೋ ಬಂದವರು. ನಿಮ್ಮಂತೆಯೇ ಅವರಿಗೂ ಇಂಗ್ಲಿಷ್ ಕಲಿತ ಭಾಷೆಯಾದ್ದರಿಂದ ನೀವು ತಡವರಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ.

ನೇರಳೆ ಮಾರ್ಗದ ಮೆಟ್ರೊದಲ್ಲಿ ಬಂದು ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಇಳಿಯಿರಿ. ರೈಲಿನಲ್ಲಿ ಪ್ರಕಟಣೆಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರುತ್ತವೆ. ಅರ್ಥ ಮೊದಲೇ ತಿಳಿದಿರುವುದರಿಂದ ಕಿವಿಯನ್ನು ಬರಿಯ ಉಚ್ಚಾರಣೆಗೆ ಕೊಡಬಹುದು. ಹೋಗುವುದಾದರೆ ವಾರದ ನಡುವಿನ ಮಧ್ಯಾಹ್ನ ಹೋಗಿ. ಶನಿವಾರ ಸಂಜೆಯ ಜನಜಂಗುಳಿಯಲ್ಲಿ ಯಾರಿಗೂ ನಿಂತು ಉತ್ತರಿಸುವ ವ್ಯವಧಾನವಿರುವುದಿಲ್ಲ.

ಮೊದಲು ಕಲಿಯಬೇಕಾದದ್ದು ಕೇಳುವ ರೀತಿ. ಕನ್ನಡದಲ್ಲಿ "ಒಂದು ಕಾಫಿ ಕೊಡಿ" ಎಂದರೆ ಸಾಕು, ಮರ್ಯಾದೆಯೆಲ್ಲ "ಕೊಡಿ" ಎಂಬುದರ ಕೊನೆಯ ಇಕಾರದಲ್ಲಿಯೇ ಇದೆ. ಅದನ್ನು ಹಾಗೆಯೇ "ಗಿವ್ ಮಿ ಒನ್ ಕಾಫಿ" ಎಂದು ತಿರುಗಿಸಿದರೆ ಆ ಇಕಾರ ಕಳೆದುಹೋಗಿ, ಕೇಳುವವರ ಕಿವಿಗೆ "ಕಾಫಿ ಕೊಡೋ" ಎಂದಂತಾಗುತ್ತದೆ. ಇಂಗ್ಲಿಷಿನಲ್ಲಿ ಮರ್ಯಾದೆಯನ್ನು ವಾಕ್ಯದ ಆರಂಭದಲ್ಲಿಯೇ ಇಡಬೇಕು: "ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್?" ಮೊದಲ ತಿಂಗಳು ಈ ಒಂದು ವಾಕ್ಯವನ್ನೇ ಕಾಫಿಗೆ, ಬಿಲ್ಲಿಗೆ, ನೀರಿಗೆ, ಚಿಲ್ಲರೆಗೆ ಬಳಸಿ. ತಿಂಡಿಯನ್ನು ಕಟ್ಟಿಸಿಕೊಳ್ಳುವಾಗ ನಾವೆಲ್ಲ ಹೇಳುವ "ಪಾರ್ಸಲ್" ಬೆಂಗಳೂರಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೊರದೇಶಕ್ಕೆ ಹೊರಟವರು ಬ್ರಿಟನ್ನಿಗಾದರೆ "ಟೇಕ್‌ಅವೇ", ಅಮೆರಿಕಕ್ಕಾದರೆ "ಟು ಗೋ" ಎಂದು ಇಲ್ಲಿಂದಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ತೊಡಕನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿನ ಪುಸ್ತಕದಂಗಡಿಯಲ್ಲಿ. ಬ್ಲಾಸಮ್, ಬುಕ್‌ವರ್ಮ್‌ನಂತಹ ಅಂಗಡಿಗಳಿರುವ ಈ ಬೀದಿಯಲ್ಲಿ ಅಪರಿಚಿತರು ಪುಸ್ತಕದ ನೆಪದಲ್ಲಿ ಸಹಜವಾಗಿ ಮಾತಿಗಿಳಿಯುತ್ತಾರೆ. ನನ್ನ ತಂಗಿಯ ಮಗಳು ಕಪಾಟಿನಿಂದ ಒಂದು ಕಾದಂಬರಿಯನ್ನು ತೆಗೆದು ಹಿಂಬದಿಯ ರಕ್ಷಾಪುಟ ಓದುತ್ತಿದ್ದಾಗ, ಪಕ್ಕದಲ್ಲಿದ್ದ ವಿದೇಶೀ ಮಹಿಳೆಯೊಬ್ಬರು "ಯು ಹ್ಯಾವಂಟ್ ರೆಡ್ ದಿಸ್ ಒನ್?" ಎಂದು ನಗುತ್ತ ಕೇಳಿದರು. "ಹೌದು, ಓದಿಲ್ಲ" ಎಂಬ ಅರ್ಥದಲ್ಲಿ ಅವಳು "ಯೆಸ್" ಎಂದಳು. ಓದಿದ್ದಾಳೆಂದು ತಿಳಿದ ಆಕೆ ಬಹಳ ಸಂತೋಷದಿಂದ ಕಥೆಯ ಕೊನೆ ಹೇಗನ್ನಿಸಿತು ಎಂದು ವಿಚಾರಿಸತೊಡಗಿದರು. ಹುಡುಗಿ ಪುಸ್ತಕವನ್ನು ಎದೆಗೊತ್ತಿಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾವು ಹೌದು ಎನ್ನುವುದು ಕೇಳಿದವರ ಮಾತನ್ನು ಒಪ್ಪುವುದಕ್ಕೆ. ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಕೆಲಸ ಆಗಿದ್ದರೆ "ಯೆಸ್", ಆಗಿಲ್ಲದಿದ್ದರೆ "ನೋ". ಸಂದೇಹವಾದಾಗ ಆ ಒಂದು ಪದಕ್ಕೆ ನಿಲ್ಲಿಸದೆ "ನೋ, ಐ ಹ್ಯಾವಂಟ್" ಎಂದು ಪೂರ್ತಿ ಹೇಳಿದರೆ ತಪ್ಪು ತಿಳಿವಳಿಕೆಗೆ ಎಡೆಯಿರುವುದಿಲ್ಲ.

ಉಚ್ಚಾರಣೆಯ ಬಗ್ಗೆ ಅತಿಯಾದ ಚಿಂತೆ ಬೇಡ. "ಎಂಟ್ರಿ" ಎನ್ನುವಲ್ಲಿ "ಯೆಂಟ್ರಿ", "ಓನ್ಲಿ" ಎನ್ನುವಲ್ಲಿ "ವೋನ್ಲಿ" ಎಂದು ನಮ್ಮ ಬಾಯಿಗೆ ಬರುವುದನ್ನೂ, ಪದದ ಕೊನೆಗೆ ಉಕಾರ ಸೇರಿಕೊಳ್ಳುವುದನ್ನೂ ಗಮನಿಸಿ ತಿದ್ದಿಕೊಂಡರೆ ಸದ್ಯಕ್ಕೆ ಸಾಕು.

ಸುತ್ತಾಟ ಮುಗಿದ ಮೇಲೆ ಸಮೀಪದ ಕಬ್ಬನ್ ಉದ್ಯಾನದ ಬೆಂಚಿನಲ್ಲಿ ಕುಳಿತು, ಕಿವಿಗೆ ಬಿದ್ದ ನಾಲ್ಕೈದು ವಾಕ್ಯಗಳನ್ನು ಬಿದ್ದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಹೀಗೆ ಬರೆದಿಟ್ಟುಕೊಂಡ ನನ್ನ ಮೊದಲ ಟಿಪ್ಪಣಿ ಪುಸ್ತಕದಲ್ಲಿ "ಎನಿಥಿಂಗೆಲ್ಸ್" ಎಂಬ ಒಂದೇ ಪದವಿದೆ. ಅದು "ಎನಿಥಿಂಗ್ ಎಲ್ಸ್" ಎಂಬ ಎರಡು ಪದಗಳೆಂದು ತಿಳಿಯಲು ನನಗೆ ಎರಡು ವಾರ ಹಿಡಿಯಿತು. ನಮ್ಮ ಲಿಪಿ ಕೇಳಿದ ಧ್ವನಿಯನ್ನು ಇಂಗ್ಲಿಷ್ ಕಾಗುಣಿತಕ್ಕಿಂತ ಎಷ್ಟೋ ನಿಷ್ಠೆಯಿಂದ ಹಿಡಿದಿಡುತ್ತದೆ, ಪದಗಳು ಎಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಎದುರಿಗಿರುವವರು ಕನ್ನಡದವರೆಂದು ತಿಳಿದರೆ ಕನ್ನಡದಲ್ಲಿಯೇ ಮಾತನಾಡಿ. ಅಭ್ಯಾಸದ ನೆಪದಲ್ಲಿ ನಮ್ಮವರೊಡನೆ ಇಂಗ್ಲಿಷನ್ನು ಎಳೆದಾಡುವುದು ಇಬ್ಬರಿಗೂ ಬೇಸರದ ಕೆಲಸ, ಮತ್ತು ಇಂಗ್ಲಿಷ್ ಕಲಿಯಲು ಕನ್ನಡವನ್ನು ಬಿಡಬೇಕೆಂಬುದು ಸುಳ್ಳು.

ಮೂರನೆಯ ತಿಂಗಳಿನಿಂದ ಅವೇ ಅಂಗಡಿಗಳಿಗೆ ಹೋಗುವ ಮುನ್ನ ದೂರವಾಣಿ ಮಾಡಿ, ಇಂಥ ಪುಸ್ತಕ ಇದೆಯೇ, ಎಷ್ಟು ಗಂಟೆಯವರೆಗೆ ತೆರೆದಿರುತ್ತೀರಿ ಎಂದು ವಿಚಾರಿಸಿ. ಮುಖ ಕಾಣದೆ, ಕೈಸನ್ನೆಯ ಆಸರೆಯಿಲ್ಲದೆ ನಡೆಸುವ ಮಾತು ಇದಾದ್ದರಿಂದ ಮೊದಲ ಒಂದೆರಡು ಕರೆಗಳು ಕಷ್ಟವೆನ್ನಿಸುತ್ತವೆ, ಆಗ "ಕುಡ್ ಯು ಸೇ ದಟ್ ಅಗೇನ್, ಪ್ಲೀಸ್?" ಎಂಬ ವಾಕ್ಯವನ್ನು ಎದುರಿಗೆ ಬರೆದಿಟ್ಟುಕೊಂಡೇ ಕರೆ ಮಾಡಿ.