ಡಿಗ್ರಿಗೆ ಸ್ಪ್ಯಾನಿಷ್ ತಗೊಂಡಿದ್ದೀರಾ? ಹೀಗೆ ಓದಿ ನೋಡಿ

ಸ್ಪ್ಯಾನಿಷ್ ಡಿಗ್ರಿಗೆ ಸೇರಿದೋರಲ್ಲಿ ಸುಮಾರು ಜನ, ಮೊದಲು ಗ್ರಾಮರ್ ಪೂರ್ತಿ ಮುಗಿಸ್ಬಿಡೋಣ, ಸಾಹಿತ್ಯ ಆಮೇಲೆ ನೋಡ್ಕೊಳ್ಳೋಣ ಅಂತ ಕೂತ್ಬಿಡ್ತಾರೆ. ಆ ಆಮೇಲೆ ಅನ್ನೋದು ಬರೋದೇ ಇಲ್ಲ. ಎರಡೂ ಒಟ್ಟಿಗೇ ಶುರು ಮಾಡಿ.

ಉಚ್ಚಾರಣೆಗೆ ಹೆದರ್ಬೇಡಿ, ಹೆಚ್ಚುಕಮ್ಮಿ ಬರೆದ ಹಾಗೇ ಓದೋ ಭಾಷೆ. ನಮ್ಮ ನೀನು-ನೀವು ಥರ ತೂ, ಉಸ್ತೆದ್ ಇದೆ, ಅರ್ಜೆಂಟೀನಾ ಕಡೆ ತೂ ಬದಲು ವೋಸ್ ಅಂತಾರೆ ಅಷ್ಟೇ. ನಿಜವಾಗ್ಲೂ ಟೈಮ್ ಕೊಡ್ಬೇಕಾಗಿರೋದು ಎರಡಕ್ಕೆ. ಒಂದು, ಸೆರ್ ಮತ್ತು ಎಸ್ತಾರ್, ಎರಡಕ್ಕೂ 'ಇರು' ಅಂತಲೇ ಅರ್ಥ, ಬಳಕೆ ಬೇರೆ: ಎಸ್ ಲಿಸ್ತೊ ಅಂದ್ರೆ ಅವನು ಜಾಣ, ಎಸ್ತಾ ಲಿಸ್ತೊ ಅಂದ್ರೆ ಅವನು ರೆಡಿಯಾಗಿದ್ದಾನೆ. ಇನ್ನೊಂದು ಸಬ್‌ಜಂಕ್ಟಿವ್, ಅಂದ್ರೆ ಅನುಮಾನ, ಆಸೆ ಥರದ್ದನ್ನ ಹೇಳೋವಾಗ ಬರೋ ಕ್ರಿಯಾಪದದ ರೂಪ. ಇದನ್ನ ಬರೀ ಟೇಬಲ್ ಥರ ಉರು ಹೊಡೀಬೇಡಿ, ಯಾಕಂದ್ರೆ ಇದನ್ನ ಅರ್ಥ ಮೂಡಿಸುವ ಸಾಧನ ಅಂತ ನೋಡ್ಬೇಕು. "ಇದನ್ನ ವಿವರಿಸೋ ಪುಸ್ತಕ ಹುಡುಕ್ತಿದ್ದೀನಿ" ಅನ್ನೋವಾಗ ಎಕ್ಸ್‌ಪ್ಲೀಕಾ ಅಂದ್ರೆ ಆ ಪುಸ್ತಕ ಇದೆ, ನಂಗೆ ಗೊತ್ತು, ಸಬ್‌ಜಂಕ್ಟಿವ್ ರೂಪದಲ್ಲಿ ಎಕ್ಸ್‌ಪ್ಲೀಕೆ ಅಂದ್ರೆ ಅಂಥದ್ದು ಇದ್ಯೋ ಇಲ್ವೋ ಗೊತ್ತಿಲ್ಲ. ಒಂದೇ ಅಕ್ಷರದಲ್ಲಿ ಪಾತ್ರದ ಅನುಮಾನ, ಆಸೆ ಎಲ್ಲಾ ಗೊತ್ತಾಗ್ಬಿಡತ್ತೆ, ಎಷ್ಟು ಚೆಂದ ಅಲ್ವಾ!

ಸಿಲಬಸ್ ಸಾಮಾನ್ಯವಾಗಿ ಹಳೇದ್ರಿಂದ ಹೊಸದಕ್ಕೆ ಬರತ್ತೆ, ನೀವು ಮನೇಲಿ ಉಲ್ಟಾ ಓದಿ. ಮೆಕ್ಸಿಕೋದ ಹ್ವಾನ್ ರುಲ್ಫೊ 1953ರಲ್ಲಿ ತಂದ ಕಥಾ ಸಂಕಲನದಿಂದ ಶುರು ಮಾಡ್ಬಹುದು, ವಾಕ್ಯಗಳು ಚಿಕ್ಕವು, ಹಳ್ಳಿಯೋರ ಮಾತು, ಹಿನ್ನೆಲೆಗೆ 1910ರ ಮೆಕ್ಸಿಕನ್ ಕ್ರಾಂತಿ ಬಗ್ಗೆ ಸ್ವಲ್ಪ ಓದ್ಕೊಂಡಿದ್ರೆ ಆ ಬಡತನ, ಆ ಮೌನ ಎಲ್ಲಿಂದ ಬಂತು ಅಂತ ತಿಳಿಯತ್ತೆ. ಆಮೇಲೆ ಸ್ಪೇನಿನ ಕವಿ ಲೋರ್ಕಾ ಅವರ ಕವಿತೆಗಳು, ಇವನ್ನ ಜೋರಾಗಿ ಓದ್ಲೇಬೇಕು, ಕಣ್ಣಲ್ಲಿ ಓದಿದ್ರೆ ಅರ್ಧ ಹೋಯ್ತು. 1936ರಲ್ಲಿ ಸ್ಪೇನ್ ಅಂತರ್ಯುದ್ಧದ ಶುರುವಲ್ಲೇ ಅವರನ್ನ ಕೊಂದ್ರು, ಹಾಗಾಗಿ ಇಲ್ಲೂ ಚರಿತ್ರೆ ಜೊತೇಲಿ ಬೇಕು.

ಸೆರ್ವಾಂತೆಸ್ ಅವರ ಕಾದಂಬರಿ ದೋನ್ ಕಿಹೋತೆ (ಇಂಗ್ಲಿಷಲ್ಲಿ ಡಾನ್ ಕ್ವಿಕ್ಸೋಟ್) 1605 ಮತ್ತು 1615ರಲ್ಲಿ ಎರಡು ಭಾಗವಾಗಿ ಬಂದಿದ್ದು, ನೇರ ಅದಕ್ಕೇ ಕೈ ಹಾಕ್ಬೇಡಿ. ಮೊದಲು 1554ರ ಲಾಸಾರಿಯೊ ದೆ ತೋರ್ಮೆಸ್ ಅನ್ನೋ ಕಾದಂಬರಿ ಓದಿ, ತುಂಬಾ ಚಿಕ್ಕದು, ಹಳೇ ಸ್ಪ್ಯಾನಿಷ್ ಅಭ್ಯಾಸ ಆಗತ್ತೆ. ಅಡಿಟಿಪ್ಪಣಿ ಇರೋ ಆವೃತ್ತೀನೇ ತಗೊಳ್ಳಿ.

ಹಳೇ ಕೃತಿಗಳು ಮಿಗೆಲ್ ದೆ ಸೆರ್ವಾಂತೆಸ್ ವರ್ಚುವಲ್ ಲೈಬ್ರರೀಲಿ ಆನ್‌ಲೈನ್ ಫ್ರೀಯಾಗಿ ಸಿಗ್ತವೆ. ಎರಡನೇ ವರ್ಷಕ್ಕೆ ಬಂದ್ಮೇಲೆ ಇಂಗ್ಲಿಷ್ ಅರ್ಥ ಕೊಡೋ ಡಿಕ್ಷನರಿ ಪಕ್ಕಕ್ಕಿಟ್ಟು ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ಡಿಕ್ಷನರಿ ಬಳಸಿ, ಅದೂ ಆನ್‌ಲೈನ್ ಇದೆ. ಓದಿದ ಪ್ರತಿ ಕಥೆಗೂ ಅವತ್ತೇ ಸ್ಪ್ಯಾನಿಷಲ್ಲಿ ನಾಲ್ಕು ಸಾಲು ಬರೀರಿ, ತಪ್ಪಿದ್ರೂ ಪರವಾಗಿಲ್ಲ, ಪರೀಕ್ಷೇಲಿ ಪ್ರಬಂಧ ಬರೆಯೋಕೆ ಕೂತಾಗ ಇವೇ ಸಾಲುಗಳು ಕೈಗೆ ಬರ್ತವೆ.